ಹದಿನೆಂಟು ಸೆಕೆಂಡಿನ ವೀರಭದ್ರಮ್ಮ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇನ್ನೂ ಮಬ್ಬುಗತ್ತಲು. ಹಾಲಿನ ವ್ಯಾನು ಆಗಷ್ಟೇ ಹೋಗಿದೆ. ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ವೀರಭದ್ರಮ್ಮ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿದೆ. ಐದು ಇಪ್ಪತ್ತೊಂಬತ್ತು ದಾಟಿ ಸೆಕೆಂಡುಗಳು ಐವತ್ತೆಂಟು, ಐವತ್ತೊಂಬತ್ತು ಎಂದು ಏರುವಾಗ ಅವರು ರೆಪ್ಪೆ ಬಡಿಯುವುದಿಲ್ಲ. ಮರುಕ್ಷಣ ಐದೂವರೆ. ಚೀಲದಿಂದ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಾರೆ.

"ನಮ್ಗೆ ಬೆಳಿಗ್ಗೆ ಐದೂವರೆ ಆದಾಗ ಲೋಕದ ಲೆಕ್ಕದಾಗೆ ಹೊಸ ದಿನ ಹುಟ್ತದೆ ಕಣಮ್ಮ," ಎನ್ನುತ್ತಾರೆ ವೀರಭದ್ರಮ್ಮ, ಅವರ ಕೆಲಸ ನೋಡಲು ಬಂದ ನನ್ನತ್ತ ತಿರುಗಿ. "ಲೋಕದ ಗಡಿಯಾರಕ್ಕೆ ಸೆಕೆಂಡ್ ಒಂದು ಜಾಸ್ತಿ ಸೇರಿಸೋದಿದ್ರೆ ಈ ಟೇಮ್ನಾಗೇ ಸೇರಿಸ್ತಾರೆ. ಹದಿನೇಳನೇ ಇಸ್ವಿ ಜನವರಿ ಒಂದನೇ ತಾರೀಕು ಸೇರಿಸಿದ್ದೇ ಕೊನೆ. ಬರೋದಿದ್ರೆ ಆರು ತಿಂಗಳು ಮುಂಚೇನೇ ಹೇಳಿರ್ತಾರೆ, ನಂಗೂ ಗೊತ್ತು. ಆದ್ರೂ ನೋಡ್ದೇ ಇರೋಕಾಗಲ್ಲ. ಬಾಗ್ಲು ಹಾಕಿದ ಮೇಲೂ ಒಂದ್ಸಲ ಬೀಗ ಎಳೆದು ನೋಡ್ತೀವಲ್ಲ, ಹಂಗೆ."

ನಲವತ್ತೇಳು ವರ್ಷದ ವೀರಭದ್ರಮ್ಮನ ಕೆಲಸಕ್ಕೆ ಊರಿನಲ್ಲಿ ಹೆಸರಿಲ್ಲ. ಲೇಪಾಕ್ಷಿ ಬಸ್ಸಿನಲ್ಲಿ ಸಿಗುವ ಹೆಂಗಸರು ಅದನ್ನು ರಾಕೆಟ್ ಆಫೀಸು ಎನ್ನುತ್ತಾರೆ. ಅಲ್ಲಿ ರಾಕೆಟ್ ಇಲ್ಲ. ಮೂರು ಕಂಪ್ಯೂಟರು, ಒಂದು ಇನ್ವರ್ಟರು, ನೀರಿನ ಕ್ಯಾನು, ಗೋಡೆಯಲ್ಲಿ ಈ ಸೀಮೆಯ ಕೆರೆಗಳ ನಕಾಶೆ. ನಾಲ್ಕು ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಹಾರಿಸಿದ ಸಣ್ಣದೊಂದು ಉಪಗ್ರಹದ ಮಾಹಿತಿ ಇಲ್ಲಿಗೆ ಬರುತ್ತದೆ. ಉಪಗ್ರಹ ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಹೆಸರು ಪಿಚ್ಚುಕ, ತೆಲುಗಿನ ಪಿಚ್ಚುಕ ಎಂದರೆ ನಮ್ಮ ಗುಬ್ಬಚ್ಚಿ. ಅದು ಮೇಲಿನಿಂದ ಕೆರೆಗಳ ಚಿತ್ರ ತೆಗೆಯುತ್ತದೆ. ಯಾವ ಕೆರೆಯಲ್ಲಿ ನೀರೆಷ್ಟಿದೆ, ಎಲ್ಲಿ ಹೂಳು ತುಂಬಿದೆ ಎಂದು ಕಾಲೇಜಿನವರು ಆ ಚಿತ್ರಗಳಿಂದ ಲೆಕ್ಕ ಹಾಕುತ್ತಾರೆ.

ಪಿಚ್ಚುಕ ಕಳಿಸುವುದನ್ನು ಹಿಡಿದುಕೊಳ್ಳುವ ಆಂಟೆನಾ ಇರುವುದು ಕಲ್ಯಾಣದುರ್ಗದಲ್ಲಿ, ಗಾಳಿಯಂತ್ರಗಳ ಗುಡ್ಡದ ಮಗ್ಗುಲಿನ ಒಂದು ತಾರಸಿಯ ಮೇಲೆ. ಅದನ್ನು ನೋಡಿಕೊಳ್ಳುವವನು ತಿರುಮಲೇಶ್. ಅವನು ಹಿಡಿದು ಕಳಿಸುತ್ತಾನೆ, ಇವರು ಸಮಯ ಕೂರಿಸುತ್ತಾರೆ. ಯಾವ ಚಿತ್ರ ಯಾವ ಸೆಕೆಂಡಿನಲ್ಲಿ ತೆಗೆದದ್ದು ಎಂದು ತಿಳಿದರೆ ಮಾತ್ರ ಆಗ ಪಿಚ್ಚುಕ ಯಾವ ಊರಿನ ಮೇಲಿತ್ತು ಎಂದು ತಿಳಿಯುತ್ತದೆ.

"ಅದ್ಕೆ ಸೋಮವಾರ ಮಂಗಳವಾರ ಗೊತ್ತಿಲ್ಲ," ಎಂದು ಅವರು ವಿವರಿಸುತ್ತಾರೆ. "ಅದ್ರಾಗಿರೋದು ಜಿಪಿಎಸ್ ಗಡಿಯಾರ. ಎಂಬತ್ತನೇ ಇಸ್ವಿ ಸಂಕ್ರಾಂತಿಗೆ ಒಂದು ವಾರ ಮುಂಚಿನಿಂದ ಸೆಕೆಂಡು ಎಷ್ಟಾಯ್ತು ಅನ್ನೋದೊಂದೇ ಅದ್ರ ಲೆಕ್ಕ. ಈ ಭೂಮಿ ಐತಲ್ಲ, ಇದು ವಯಸ್ಸಾದ ಅತ್ತೆ ಇದ್ದಂಗೆ, ತಿರುಗೋದು ನಿಧಾನ. ಜೊತೇಲಿ ನಡೀಬೇಕಾದ್ರೆ ಅಲ್ಲೊಂದು ಕಡೆ ಇಲ್ಲೊಂದು ಕಡೆ ನಿಂತ್ಕೋಬೇಕು. ನಮ್ ಗಡಿಯಾರ ಅವತ್ತಿನಿಂದ ಹದಿನೆಂಟು ಸಲ ಒಂದೊಂದು ಸೆಕೆಂಡ್ ನಿಂತೈತೆ. ಪಿಚ್ಚುಕದ ಗಡಿಯಾರ ಯಾರ್ಗೂ ನಿಲ್ಲಲ್ಲ, ಹೋಯ್ತಾನೇ ಇರ್ತದೆ. ಅದ್ಕೇ ಹದಿನೆಂಟು ಸೆಕೆಂಡ್ ಮುಂದೈತೆ. ಅಷ್ಟು ಕಳೆದು ನಮ್ ಟೇಮಿಗೆ ತರಬೇಕು."

ಹದಿನೆಂಟು ಸೆಕೆಂಡು ಎಂದರೆ ಎಷ್ಟು? ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಚಿಲ್ಲರೆ ಹುಡುಕುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲಿ ಪಿಚ್ಚುಕ ನೂರಿಪ್ಪತ್ತು ಕಿಲೋಮೀಟರು ದಾಟಿರುತ್ತದೆ. ಹಿಂದೂಪುರದ ಮೇಲಿದ್ದದ್ದು ಕಲ್ಯಾಣದುರ್ಗದ ಆಚೆಗೆ ಹೋಗಿರುತ್ತದೆ.

ವೀರಭದ್ರಮ್ಮ ಹುಟ್ಟಿದ್ದು ಚಿಲಮತ್ತೂರಿನಲ್ಲಿ. ಅಪ್ಪನದು ಬೆಂಗಳೂರು ಹೆದ್ದಾರಿಯ ಬದಿಗೊಂದು ದಿನಸಿ ಅಂಗಡಿ. ಲಾರಿಯವರಿಗೆ ಬೆಲ್ಲ, ಬೀಡಿ, ಹಗ್ಗ ತೂಗಿ ಕೊಡುತ್ತಲೇ ಹಿಂದೂಪುರದ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದರು. ಮದುವೆಯಾಗಿ ಲೇಪಾಕ್ಷಿಗೆ ಬಂದ ಮೇಲೆ ಹತ್ತು ವರ್ಷ ಮನೆ, ಮಕ್ಕಳು. ಆಮೇಲೆ ಹಿಂದೂಪುರದ ಒಂದು ಅಂಗಡಿಯಲ್ಲಿ ಮಳೆಮಾಪನದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಕಾಲೇಜಿನವರು ಈ ಕೋಣೆ ತೆರೆದಾಗ ಅಂಕಿ ತುಂಬಲು ಒಬ್ಬರು ಬೇಕೆಂದು ಕರೆದರು. ಬಂದವರು ಇಲ್ಲೇ ಉಳಿದರು. ಸಮಯದ ಕೆಲಸವನ್ನು ಕಲಿಸಿದವರು ಈಗ ಈ ಕೋಣೆಯ ಜವಾಬ್ದಾರಿ ಹೊತ್ತಿರುವ ಎಂಜಿನಿಯರ್ ಸ್ಪಂದನ. ವಯಸ್ಸಿನಲ್ಲಿ ಮಗಳಂಥವರಾದರೂ ವೀರಭದ್ರಮ್ಮನ ಬಾಯಲ್ಲಿ ಅವರು ಮೇಡಂ. ಸ್ಪಂದನ ಅವರ ಬಾಯಲ್ಲಿ ಇವರು ಅಮ್ಮ.

ಗಂಡನಿಗೆ ಹಿಂದೂಪುರದ ಹುಣಿಸೆಹಣ್ಣಿನ ಮಂಡಿಯಲ್ಲಿ ಕೆಲಸ. ಬೆಳಿಗ್ಗೆ ಬೈಕಿನಲ್ಲಿ ಅವರ ಹಿಂದೆ ಕೂತು ಬರುವುದು, ಮಧ್ಯಾಹ್ನ ಬಸ್ಸಿಗೆ ಮರಳುವುದು. ಚಳಿಗಾಲದಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ. ಹಬ್ಬ, ಮದುವೆ, ತವರಿನ ಕಾರ್ಯ ಎಲ್ಲದಕ್ಕೂ ತಡವಾಗಿ ಹೋಗುವವರೆಂದು ನೆಂಟರಲ್ಲಿ ಹೆಸರು. ಬಸ್ಸಿನಲ್ಲಿ ಯಾರಾದರೂ ಟೈಮೆಷ್ಟು ಎಂದು ಕೇಳಿದರೆ ಪಕ್ಕದವರು ಕೀಟಲೆ ಮಾಡುತ್ತಾರಂತೆ, ಅವಳನ್ನ ಕೇಳಬೇಡ, ಯಾವ ಟೈಮು ಅಂತ ತಿರುಗಿ ಕೇಳ್ತಾಳೆ ಎಂದು. ಲೇಪಾಕ್ಷಿಯ ಎಷ್ಟೋ ಮನೆಗಳಂತೆ ಅವರ ಮನೆಯ ಗೋಡೆ ಗಡಿಯಾರವೂ ಹತ್ತು ನಿಮಿಷ ಮುಂದಿದೆ. ಅದನ್ನು ಸರಿ ಮಾಡುವ ಗೋಜಿಗೆ ಅವರು ಹೋಗಿಲ್ಲ.

"ಬಸ್ಸಿಗೆ ಇವೆಲ್ಲ ಗೊತ್ತಾಗಲ್ಲ ಕಣಮ್ಮ. ಅದು ಅದ್ರ ಪಾಡಿಗೆ ಹೊಂಟೋಯ್ತದೆ."

ಲೇಪಾಕ್ಷಿಯ ಮನೆಯಲ್ಲಿ ಎರಡು ಸಂಸಾರ, ಒಂದೇ ಒಲೆ. ಅತ್ತೆ ಎರ್ರಮ್ಮ, ವೀರಭದ್ರಮ್ಮನ ಸಂಸಾರ, ಮೈದುನನ ಸಂಸಾರ. ಮೈದುನನ ಹೆಂಡತಿ ಚಿನ್ನಕ್ಕ ಅಡುಗೆಮನೆಯಲ್ಲಿ ಇವರ ಬಲಗೈ. ಸೊಸೆಯರಿಬ್ಬರೂ ಹೊಸದಾಗಿ ಬಂದಾಗ ಸಾರಿಗೆ ಒಂದು ದಿನ ಇಬ್ಬರೂ ಉಪ್ಪು ಹಾಕುವುದು, ಇನ್ನೊಂದು ದಿನ ಇಬ್ಬರೂ ಹಾಕದೇ ಬಿಡುವುದು ನಡೆದೇ ಇತ್ತು. ಕೊನೆಗೆ ಎರ್ರಮ್ಮ ಒಂದು ಕಟ್ಟು ಮಾಡಿದರು: ಯಾರು ಉಪ್ಪು ಹಾಕುತ್ತಾರೋ ಅವರು ಸೌಟನ್ನು ಪಾತ್ರೆಯ ಬಾಯಿಗೆ ಅಡ್ಡ ಇಡಬೇಕು. ಸೌಟು ಅಡ್ಡ ಇದ್ದರೆ ಉಪ್ಪು ಬಿದ್ದಿದೆ ಎಂದರ್ಥ. ಮುಟ್ಟುವ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಇದು ನಡೆದುಕೊಂಡು ಬಂದಿದೆ.

ಕಳೆದ ಬೇಸಿಗೆಯ ಮೊದಲಿಗೆ ಎರ್ರಮ್ಮ ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವೀರಭದ್ರಮ್ಮನಿಗೆ ಆಸ್ಪತ್ರೆ, ಮನೆ, ಆಫೀಸು ಎಂದು ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಆಸ್ಪತ್ರೆಯ ಬೆಂಚಿನಿಂದ ಎದ್ದು ಬಂದು ಅರ್ಧ ದಿನ ಕೆಲಸ ಮಾಡಿ ಮತ್ತೆ ಹೋಗುತ್ತಿದ್ದರು. ಕಲ್ಯಾಣದುರ್ಗದಿಂದ ಬಂದ ಮಾಹಿತಿಯಲ್ಲಿ ಹದಿನೆಂಟು ಕಳೆದು ಕಾಲೇಜುಗಳಿಗೆ ಕಳಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಅದಾಗಿ ಕೆಲವು ವಾರಕ್ಕೆ ಕಾಲೇಜಿನವರಿಂದ ದೂರು ಬಂತು. ಲೇಪಾಕ್ಷಿ ಕೆರೆ ಎಂದು ಬಂದಿರುವ ಚಿತ್ರದಲ್ಲಿ ಬೇರೆ ಯಾವುದೋ ಕೆರೆಯಿದೆ. ಗೋರಂಟ್ಲ ಎಂದಿರುವ ಕಡೆ ಬರೀ ಗುಡ್ಡ. ವೀರಭದ್ರಮ್ಮ ಚಿತ್ರ ತೆರೆದು ನೋಡಿದರು. ಲೇಪಾಕ್ಷಿ ಕೆರೆ ಅವರು ದಿನಾ ನೋಡುವ ಕೆರೆ. ಮೇಲಿನಿಂದ ಅದು ಮುರಿದ ನಿಪ್ಪಟ್ಟಿನಂತೆ ಕಾಣುತ್ತದೆ. ಇದು ಅದಲ್ಲ. ಉದ್ದಕ್ಕೆ, ಹೀರೇಕಾಯಿಯ ಹಾಗಿತ್ತು.

ಸ್ಪಂದನ ವಾರವಿಡೀ ಕೂತು ಲೆಕ್ಕ ಹಾಕಿದರು. ತಪ್ಪು ಎಲ್ಲ ಚಿತ್ರಗಳಲ್ಲೂ ಒಂದೇ ಥರ ಇತ್ತು. ಪಿಚ್ಚುಕ ತಾನಿರುವ ಜಾಗದ ನೇರ ಕೆಳಗೆ ನೋಡದೆ ಬಡಗಲಿಗೆ ಮುಂದೆಲ್ಲೋ ನೋಡುತ್ತಿರುವಂತೆ ಕಾಣುತ್ತಿತ್ತು. ಅದರ ಮುಖ ಮುಂದಕ್ಕೆ ಬಾಗಿದೆ ಎಂಬುದು ಎಲ್ಲರಿಗೂ ಒಪ್ಪುವಂಥ ಕಾರಣ. ಹಳೆಯದಾದ ಸಣ್ಣ ಉಪಗ್ರಹಗಳಿಗೆ ಹಾಗಾಗುವುದುಂಟು. ಸರಿಪಡಿಸಲು ಒಂದೇ ದಾರಿ. ಅದರೊಳಗಿನ ಪುಟ್ಟ ಚಕ್ರವನ್ನು ತಿರುಗಿಸಿ ಮುಖವನ್ನು ಹಿಂದಕ್ಕೆ ಎತ್ತಬೇಕು. ಬ್ಯಾಟರಿ ಸೋತಿತ್ತು. ತಿರುಗಿಸುವಾಗ ಬಿಸಿಲಿನ ಕಡೆಗಿದ್ದ ಫಲಕ ನೆರಳಿಗೆ ಹೋದರೆ ಪಿಚ್ಚುಕ ಮತ್ತೆ ಏಳುವುದು ಅನುಮಾನ. ಏನೂ ಮಾಡದೆ ಬಿಟ್ಟರೆ ಇಂಥ ಚಿತ್ರ ಕಟ್ಟಿಕೊಂಡು ಕಾಲೇಜಿನವರಿಗೆ ಆಗಬೇಕಾದದ್ದೇನೂ ಇಲ್ಲ. ಹಿಂದೂಪುರದ ಕೋಣೆಗೂ ಕಲ್ಯಾಣದುರ್ಗದ ತಾರಸಿಗೂ ಬೀಗ ಬೀಳುತ್ತದೆ. ಶನಿವಾರ ತೀರ್ಮಾನವಾಯಿತು. ಸೋಮವಾರ ಮಧ್ಯಾಹ್ನ ಪಿಚ್ಚುಕ ತಲೆಯ ಮೇಲೆ ಹಾದುಹೋಗುವಾಗ ಆಜ್ಞೆ ಕಳಿಸುವುದು.

ವೀರಭದ್ರಮ್ಮ ಆ ವಾರವೆಲ್ಲ ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದ್ದರು. ಹದಿನೆಂಟು ಸರಿಯಾಗಿಯೇ ಕಳೆದಿದ್ದರು. ಆದರೂ ಆಸ್ಪತ್ರೆಯ ಆ ದಿನಗಳಲ್ಲಿ ತಾನೇ ಎಲ್ಲೋ ಎಡವಿದೆನೇನೋ ಎಂಬ ಅಳುಕು ಬಿಡಲಿಲ್ಲ.

ಭಾನುವಾರ ಮನೆಯಲ್ಲಿ ಮೊಳಕೆ ಹುರುಳಿ ಸಾರು, ಮುದ್ದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದ ಎರ್ರಮ್ಮನಿಗೆ ಮೊದಲು ಬಡಿಸಿದರು. ಒಂದು ತುತ್ತು ನುಂಗಿದ ಎರ್ರಮ್ಮ ತಟ್ಟೆಯನ್ನು ದೂರಕ್ಕೆ ಸರಿಸಿದರು.

"ಏನ್ರೇ, ಸಮುದ್ರಾನೇ ತಂದು ಸುರಿದ್ರಾ?"

ವೀರಭದ್ರಮ್ಮ ಸಾರಿನ ರುಚಿ ನೋಡಿದರು. ಬಾಯಿಗಿಡುವಂತಿರಲಿಲ್ಲ. ಪಾತ್ರೆಯ ಮೇಲೆ ಸೌಟು ಅಡ್ಡ ಇರಲಿಲ್ಲ, ಅದಕ್ಕೇ ತಾವು ಹಾಕಿದ್ದು. ಚಿನ್ನಕ್ಕ ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ನಾನೂ ಹಾಕ್ಬುಟ್ಟಿದ್ದೆ ಕಣಕ್ಕ. ನಿನ್ ಮುಖ ನೋಡಿದ್ರೆ ಒಂಥರಾ ಇತ್ತು. ಇದ್ಕೂ ನಿನ್ನನ್ನ ಯಾಕೆ ಎಬ್ಬಿಸ್ಲಿ ಅಂತ ನಾನೇ ಹಾಕ್ದೆ. ಸೌಟು ಇಡೋದು ಮರ್ತೋಯ್ತು."

ಒಳ್ಳೆಯದಕ್ಕೇ ಮಾಡಿದ್ದು. ಸಾರಿಗೆ ಒಂದು ಚೊಂಬು ಬಿಸಿನೀರು ಸುರಿದು ಕುದಿಯಲು ಇಟ್ಟ ವೀರಭದ್ರಮ್ಮ ಅಲ್ಲೇ ನಿಂತುಬಿಟ್ಟರು. ಉಪ್ಪು ಹಾಕಿದ ಸಾರೂ ಹಾಕದ ಸಾರೂ ನೋಡುವುದಕ್ಕೆ ಒಂದೇ. ಕಲ್ಯಾಣದುರ್ಗದಿಂದ ಬರುವ ಅಂಕಿಗಳೂ ಹಾಗೆಯೇ. ಹದಿನೆಂಟು ಕಳೆದಿದ್ದರೂ ಕಳೆಯದಿದ್ದರೂ ಅದೇ ಉದ್ದ, ಅದೇ ರೂಪ. ಕೈ ತೊಳೆದು, ಫೋನ್ ಹಿಡಿದು ಹಿತ್ತಲಿಗೆ ಹೋದರು.

ತಿರುಮಲೇಶ್ ಮೊದಲ ರಿಂಗಿಗೇ ಎತ್ತಿದ. ಭಾನುವಾರ ಎಂದೂ ಫೋನ್ ಮಾಡದ ಇವರು ಊಟ ಆಯಿತೇ ಎಂದು ಕೇಳಿದ್ದಕ್ಕೆ ಅವನಿಗೆ ಗಾಬರಿಯಾಯಿತು.

"ಏಮೈಂದಕ್ಕಾ, ಏನಾಯ್ತು? ಅತ್ತೆಗೆ ಹುಷಾರಿಲ್ವಾ?"

"ಅತ್ತೆ ಚೆನ್ನಾಗವ್ರೆ. ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡ. ಅಲ್ಲಿ ನೀನೇನಾದ್ರೂ ಹದಿನೆಂಟು ಕಳೀತಿದ್ದೀಯಾ?"

ಆ ಕಡೆಯ ಗಾಳಿಯ ಸದ್ದಿನಲ್ಲಿ ಅವನು ದನಿ ಏರಿಸಿ ಹೇಳಿದ.

"ಕಳೀತಿದ್ದೀನಕ್ಕಾ. ಹೊಸ ಕಂಪ್ಯೂಟರ್ ಬಂತಲ್ಲ, ಅದ್ರಾಗೆ ಒಂದು ಟಿಕ್ ಹಾಕಿದ್ರೆ ಅದೇ ಕಳ್ಕೊಂಡು ಬತ್ತದೆ. ನೀವು ಆಸ್ಪತ್ರೆ, ಮನೆ ಅಂತ ಒದ್ದಾಡ್ತಿದ್ರಿ. ನಿಮ್ಗೊಂದು ಕೆಲಸ ಕಮ್ಮಿ ಆಗ್ಲಿ ಅಂತ ಹಾಕ್ದೆ. ಹೇಳಿದ್ರೆ ಬ್ಯಾಡ ಅಂತೀರ ಅಂತ ಹೇಳ್ಲಿಲ್ಲ."

"ನಾನೂ ಕಳೀತಿದ್ದೀನಲ್ಲೋ ತಿರುಮಲೇಶಾ."

ಅವನು ಅಯ್ಯೋ ದೇವುಡಾ ಎಂದು ಮೆಲ್ಲಗೆ ಅಂದದ್ದು ಕೇಳಿಸಿತು. ಆಮೇಲೆ, ತನ್ನ ಕೆಲಸ ಹೋಯಿತೇ ಎಂದು ಕೇಳಿದ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ.

"ಕೆಲಸದ ಮಾತು ಆಮೇಲೆ. ಮೊದ್ಲು ಆ ಟಿಕ್ ತೆಗೆದು ನೆನ್ನೆದು ಹಂಗೇ ಹಸೀದು ಕಳ್ಸು. ನಾನು ಆಫೀಸಿಗೆ ಹೋಯ್ತೀನಿ."

ಉಣ್ಣುತ್ತಿದ್ದ ಗಂಡ ಕೇಳಿದ್ದು ಒಂದೇ ಮಾತು, ಮುದ್ದೆ ಮುಗಿಸಲೋ ಬೇಡವೋ ಎಂದು. ಬೇಡ ಎಂದರು ಇವರು. ಬೈಕಿನಲ್ಲಿ ಹಿಂದೂಪುರಕ್ಕೆ ಬಂದರೆ ಆಫೀಸಿನ ಬಾಗಿಲು ತೆರೆದೇ ಇತ್ತು. ಸ್ಪಂದನ ಭಾನುವಾರವೂ ಒಬ್ಬರೇ ಕೂತು ಮರುದಿನದ ಆಜ್ಞೆಯನ್ನು ಸಾಲು ಸಾಲಾಗಿ ಓದುತ್ತಿದ್ದರು. ತಂದ ಟಿಫನ್ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ವೀರಭದ್ರಮ್ಮ ನಿಂತುಕೊಂಡೇ ಸಾರಿನಿಂದ ಶುರು ಮಾಡಿ ತಿರುಮಲೇಶನವರೆಗೆ ಹೇಳಿದರು. ಮುಗಿದ ಮೇಲೆ ಸ್ಪಂದನ ಪಕ್ಕದ ಕುರ್ಚಿ ಎಳೆದು ಕೂರಿಸಿ, ನೀವೇ ಮಾಡಿ ಅಮ್ಮ, ನಾನು ನೋಡುತ್ತೇನೆ ಎಂದರು.

ತಿರುಮಲೇಶ್ ಕಳಿಸಿದ ಹಸಿ ಮಾಹಿತಿ ಬಂತು. ವೀರಭದ್ರಮ್ಮ ಹದಿನೆಂಟನ್ನು ಒಂದೇ ಸಲ ಕಳೆದರು. ನಕಾಶೆಯ ಮೇಲೆ ಚಿತ್ರಗಳು ಒಂದರ ಪಕ್ಕ ಒಂದು ಬಂದು ಕೂತವು. ಲೇಪಾಕ್ಷಿ ಎಂದಿದ್ದ ಕಡೆ ಮುರಿದ ನಿಪ್ಪಟ್ಟು. ಗೋರಂಟ್ಲದ ರಸ್ತೆ ಗೋರಂಟ್ಲಕ್ಕೇ ಹೋಗುತ್ತಿತ್ತು. ಪಿಚ್ಚುಕದ ಮುಖ ಬಾಗಿಯೇ ಇರಲಿಲ್ಲ. ಅದು ಮೊದಲಿನಿಂದಲೂ ನೇರವಾಗಿಯೇ ನೋಡುತ್ತಿತ್ತು, ಎರಡು ಸಲ ಕಳೆದದ್ದಕ್ಕೆ ಚಿತ್ರಗಳಿಗೆ ಹದಿನೆಂಟು ಸೆಕೆಂಡು ಹಿಂದಿನ ಊರಿನ ಹೆಸರು ಬೀಳುತ್ತಿತ್ತು.

ಸ್ಪಂದನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಲ್ಲಿಯವರೆಗೂ ಇಬ್ಬರ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ವೀರಭದ್ರಮ್ಮ ಟಿಫನ್ ಡಬ್ಬಿಯನ್ನು ಅವರ ಮುಂದಕ್ಕೆ ತಳ್ಳಿದರು. ಚಿತ್ರಾನ್ನ ತಣ್ಣಗಾಗಿತ್ತು. ಇಬ್ಬರೂ ಅದೇ ಡಬ್ಬಿಯಿಂದ ತಿಂದರು.

"ಅವತ್ತು ಸಂಜೆ ಬಸ್ನಾಗೆ ನಂಗೆ ನಿದ್ದೆ ಬಂದ್ಬುಡ್ತು," ಎಂದು ವೀರಭದ್ರಮ್ಮ ನಗುತ್ತಾರೆ. "ಲೇಪಾಕ್ಷಿ ದಾಟಿ ಮುಂದ್ಕೆ ಹೋಗಿದ್ದೆ. ಕಂಡಕ್ಟರು ಬಯ್ಕೊಂಡು ಇಳಿಸ್ದ. ನಡ್ಕೊಂಡು ವಾಪಸ್ ಬಂದೆ. ಕಾಲು ನೋಯ್ಲೇ ಇಲ್ಲ ಕಣಮ್ಮ."

ಹೀರೇಕಾಯಿಯಂಥ ಕೆರೆ ಯಾವುದೆಂದು ಹೇಳಿದವನು ತಿರುಮಲೇಶ್. ಚಿತ್ರ ನೋಡಿದ ಕೂಡಲೇ, ಇದು ಕಲ್ಯಾಣದುರ್ಗದಿಂದ ಆಚೆಗಿರುವ ತನ್ನ ಮಾವನ ಊರಿನ ಕೆರೆ, ಕಟ್ಟೆಯ ಪಕ್ಕದಲ್ಲೇ ಗಾಳಿಯಂತ್ರಗಳ ಸಾಲಿದೆ, ಮೊದಲೇ ತೋರಿಸಿದ್ದರೆ ಹೇಳುತ್ತಿದ್ದೆನಲ್ಲ ಎಂದನಂತೆ. ಮಾವನ ಮನೆಯ ಮೇಲೆ ನಿನಗೆ ಅಷ್ಟೊಂದು ಕಣ್ಣಿದೆಯೆಂದು ನಮಗೆ ಗೊತ್ತಿರಲಿಲ್ಲ ಎಂದು ವೀರಭದ್ರಮ್ಮ ಈಗಲೂ ಅವನ ಕಾಲೆಳೆಯುತ್ತಾರೆ. ಅವನ ಕೆಲಸ ಹೋಗಲಿಲ್ಲ. ಕಾಲೇಜುಗಳಿಗೆ ಬರೆದ ವರದಿಯಲ್ಲಿ ಸ್ಪಂದನ, ಎರಡು ಕಡೆ ಕಳೆಯಲಾಗಿತ್ತು, ಈಗ ಸರಿಪಡಿಸಲಾಗಿದೆ ಎಂದಷ್ಟೇ ಬರೆದರು. ಯಾರು ಎಂದು ಬರೆಯಲಿಲ್ಲ. ಕೇಳಬೇಕಾದದ್ದು ತಾನು, ಕೇಳದೇ ಇದ್ದದ್ದು ತನ್ನದೂ ತಪ್ಪು ಎಂದು ವೀರಭದ್ರಮ್ಮ ಮೊದಲೇ ಹೇಳಿಟ್ಟಿದ್ದರು.

ಸೋಮವಾರ ಮಧ್ಯಾಹ್ನ ಪಿಚ್ಚುಕ ತಲೆಯ ಮೇಲೆ ಹಾದುಹೋಯಿತು. ಅದಕ್ಕೆ ಯಾರೂ ಯಾವ ಆಜ್ಞೆಯನ್ನೂ ಕಳಿಸಲಿಲ್ಲ. ತಾರಸಿಯ ಮೇಲೆ ನಿಂತ ತಿರುಮಲೇಶ್ ಆಂಟೆನಾ ತಿರುಗುವುದನ್ನೇ ನೋಡುತ್ತಿದ್ದನಂತೆ. ಆ ವಾರ ಹಳೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ಅವುಗಳ ಊರಿಗೆ ಮರಳಿಸಿದರು.

ಎಡವಿದ ಜಾಗದಲ್ಲಿ ಮತ್ತೆ ಎಡವದಿರಲು ಒಂದು ಗುರುತು ಬೇಕಿತ್ತು. ಸ್ಪಂದನ ಕೇಳಿದಾಗ ವೀರಭದ್ರಮ್ಮನ ಬಾಯಿಗೆ ಬಂದದ್ದು ಅತ್ತೆಯ ಸೌಟು. ಈಗ ಹದಿನೆಂಟು ಕಳೆದ ಪ್ರತಿಯೊಂದು ಫೈಲಿನ ಹೆಸರಿನ ಕೊನೆಗೂ ಇಂಗ್ಲಿಷ್ ಅಕ್ಷರಗಳಲ್ಲಿ ಉಪ್ಪು ಎಂದಿರುತ್ತದೆ. ಆ ಗುರುತಿದ್ದರೆ ಕಂಪ್ಯೂಟರೇ ಎರಡನೆಯ ಸಲ ಕಳೆಯಲು ಒಪ್ಪುವುದಿಲ್ಲ. ಅದೇನೆಂದು ಕಾಲೇಜಿನವರೊಬ್ಬರು ವಿಚಾರಿಸಿದ್ದಕ್ಕೆ ತಿರುಮಲೇಶ್, ಅದು ಯಾವುದೋ ದೊಡ್ಡ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ ಸಾರ್ ಎಂದು ಗಂಭೀರವಾಗಿ ಹೇಳಿ ಕಳಿಸಿದನಂತೆ. ಬೆಳಿಗ್ಗೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಮೊದಲ ಫೋನಿನಲ್ಲಿ ಕ್ಷೇಮಸಮಾಚಾರಕ್ಕೂ ಮುಂಚಿನ ಪ್ರಶ್ನೆ ಇದೇ.

"ಉಪ್ಪಾಕೈತೇನಪ್ಪ?"

"ಲೇದಕ್ಕಾ, ಹಾಕಿಲ್ಲ. ನೀವೇ ಹಾಕ್ಕೊಳ್ಳಿ."

ಎರ್ರಮ್ಮ ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ಬೇಸಿಗೆ ಬರುವಷ್ಟರಲ್ಲಿ ಅವರು ತಾವಾಗಿಯೇ ಊರಿನ ದೊಡ್ಡ ಕಲ್ಲುಬಸವಣ್ಣನವರೆಗೆ ನಡೆದು ಕೈಮುಗಿದು ಬರಬೇಕೆಂಬುದು ವೀರಭದ್ರಮ್ಮನ ಆಸೆ. ಸಂಜೆ ಹೊತ್ತು ಪಕ್ಕದಲ್ಲಿ ನಡೆಯುತ್ತಾರೆ. ಅತ್ತೆ ನಿಂತಲ್ಲಿ ತಾವೂ ನಿಲ್ಲುತ್ತಾರೆ. ಬೇರೆ ಆಸೆ ಕೇಳಿದರೆ ಯೋಚಿಸಿ, ಮಳೆ ಚೆನ್ನಾಗಿ ಬಿದ್ದು ಲೇಪಾಕ್ಷಿ ಕೆರೆ ಕೋಡಿ ಹರಿದ ದಿನದ ಚಿತ್ರಕ್ಕೆ ತಮ್ಮ ಕೈಯಿಂದಲೇ ಸಮಯ ಕೂರಿಸಬೇಕು ಎನ್ನುತ್ತಾರೆ.

ಇನ್ನು ಹತ್ತು ವರ್ಷದೊಳಗೆ ಹೀಗೆ ಸೆಕೆಂಡು ಸೇರಿಸುವ ಪದ್ಧತಿಯನ್ನೇ ನಿಲ್ಲಿಸಬೇಕೆಂದು ಲೋಕದ ಗಡಿಯಾರ ನೋಡಿಕೊಳ್ಳುವವರು ತೀರ್ಮಾನಿಸಿದ್ದಾರೆ. ಭೂಮಿಗಾಗಿ ಗಡಿಯಾರ ಆಗಾಗ ನಿಲ್ಲುವ ವಾಡಿಕೆ ಮುಗಿಯುತ್ತದೆ. ಆಗ ಈ ಕೆಲಸಕ್ಕೆ ಏನು ಉಳಿಯುತ್ತದೆ ಎಂದು ಕೇಳಿದರೆ ವೀರಭದ್ರಮ್ಮನಿಗೆ ಚಿಂತೆಯೇನೂ ಇದ್ದಂತಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾರೆ. ಹೊರಗೆ ಬೆಳಕು ಹರಿದಿದೆ. ಮಾರುಕಟ್ಟೆಗೆ ಗೂಡಿನ ಚೀಲ ಹೊತ್ತ ಆಟೋಗಳು ಬರತೊಡಗಿವೆ. ಪರದೆಯ ಮೇಲೆ ಕಲ್ಯಾಣದುರ್ಗದಿಂದ ಬಂದ ಇವತ್ತಿನ ಮೊದಲ ಫೈಲು ಬಂದು ಕೂತಿದೆ. ಹೆಸರಿನ ಕೊನೆಗೆ ಗುರುತಿಲ್ಲ.

"ಹೊಸದು ಸೇರಿಸದಿದ್ರೆ ಬುಡ್ಲಿ. ಆಗ್ಲೇ ಸೇರಿರೋ ಹದಿನೆಂಟು ಎಲ್ಗೋಯ್ತದೆ? ಅದನ್ನ ದಿನಾ ಯಾರಾನಾ ಒಬ್ರು ಕಳೀಲೇಬೇಕು," ಎಂದು ಅವರು ಕೀಬೋರ್ಡಿನ ಕಡೆ ತಿರುಗುತ್ತಾರೆ. "ಒಬ್ರೇ ಕಳೀಬೇಕು. ಅಷ್ಟೇ ಕಣಮ್ಮ."